ಅಪೊಸ್ತಲರ ಪ್ರಯಾಣವನ್ನು ಗುಂಪಾಗಿ ಓದುವುದು ಹೇಗೆ? ಬೀದರ್, ಕಲಬುರಗಿ, ಯಾದಗಿರಿ ಕಡೆಯವರಿಗೆ

ಹನ್ನೆರಡು ಹೆಸರು, ಹನ್ನೆರಡು ದೇಶ, ಹನ್ನೆರಡು ಸಾವು. ಅಪೊಸ್ತಲರ ಬಗ್ಗೆ, ಅಂದರೆ ಯೇಸು ಆರಿಸಿ ಕಳಿಸಿದ ಶಿಷ್ಯರ ಬಗ್ಗೆ, ಪಾಠ ಮಾಡೋಣ ಅಂದ ಕೂಡಲೇ ಎಲ್ಲರೂ ಇಂಥದ್ದೊಂದು ಚಾರ್ಟ್ ಬರೆಯಲು ಕೂರುತ್ತಾರೆ. ವಾಟ್ಸಾಪ್‌ನಲ್ಲಂತೂ ರೆಡಿಮೇಡ್ ಪೋಸ್ಟರೇ ಓಡಾಡುತ್ತಿರುತ್ತದೆ. ಯಾರನ್ನು ಶಿಲುಬೆಗೆ ಹಾಕಿದರು, ಯಾರ ಚರ್ಮ ಸುಲಿದರು, ಯಾರನ್ನು ಈಟಿಯಿಂದ ತಿವಿದರು ಅಂತ ಸಾಲಾಗಿ ಚಿತ್ರ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ಹನ್ನೆರಡು ಜನರಲ್ಲಿ ಸತ್ತ ಸುದ್ದಿ ಬೈಬಲ್‌ನ ಹೊಸ ಒಡಂಬಡಿಕೆಯಲ್ಲೇ ಸಿಗುವುದು ಇಬ್ಬರದ್ದು ಮಾತ್ರ: ಇಸ್ಕರಿಯೋತ ಯೂದ, ಮತ್ತೆ ಜೆಬೆದಾಯನ ಮಗ ಯಾಕೋಬ. ಉಳಿದವರದ್ದೆಲ್ಲ ಆಮೇಲೆ ಬಂದ ಬರಹ, ಆಮೇಲೆ ಬಂದ ನಂಬಿಕೆ. ಮಕ್ಕಳು ಚರ್ಮ ಸುಲಿದ ಕಥೆ ಕೇಳಿ ಬೆಚ್ಚುತ್ತಾರೆ, ಅಷ್ಟೇ. ಆ ಮನುಷ್ಯ ಯಾರ ಹತ್ತಿರ ಹೋದ, ಅವರ ಜೊತೆ ಏನು ಮಾತಾಡಿದ ಅನ್ನುವುದು ತಲೆಗೆ ಹೋಗುವುದೇ ಇಲ್ಲ.

ನಾನು ಹೇಳುವ ದಾರಿ ಉಲ್ಟಾ. ಅಪೊಸ್ತಲರ ಪಟ್ಟಿ ಬಿಡಿ, ಜನಗಳ ಪಟ್ಟಿ ಮಾಡಿ. ಯೆಹೂದ್ಯರು, ಸಮಾರ್ಯದವರು, ಆಫ್ರಿಕಾದ ಒಬ್ಬ ಅಧಿಕಾರಿ, ರೋಮನ್ ಸೈನ್ಯದವರು, ಇವತ್ತಿನ ಟರ್ಕಿಯಲ್ಲಿದ್ದ ಲುಸ್ತ್ರ ಊರಿನ ಜನ, ಅಥೇನೆಯ ಓದಿದ ಜನ. ಒಂದೊಂದು ವಾರ ಒಂದೊಂದು ಜನ. ಯಾರು ಅವರ ಹತ್ತಿರ ಹೋದರು, ಏನು ಬದಲಾಯಿಸಿಕೊಂಡರು, ಏನು ಬಿಡಲಿಲ್ಲ ಅಂತ ನೋಡುತ್ತಾ ಹೋಗಿ. ಹೀಗೆ ಓದಿದರೆ ಅಪೊಸ್ತಲರ ಕೃತ್ಯಗಳು, ಅಂದರೆ ಹೊಸ ಒಡಂಬಡಿಕೆಯಲ್ಲಿ ಅವರ ಪ್ರಯಾಣದ ಕಥೆ ಹೇಳುವ ಭಾಗ, ಬೇರೆಯೇ ಪುಸ್ತಕದ ಹಾಗೆ ಕಾಣುತ್ತದೆ. ಮುಂದೆ ಅದನ್ನು ಬರೀ ಕೃತ್ಯಗಳು ಅನ್ನುತ್ತೇನೆ.

ಯಾವಾಗ, ಎಲ್ಲಿ, ಏನೇನು ಬೇಕು

ಮೊದಲು ಕಾಲ ನೋಡಿಕೊಳ್ಳಿ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಕಲಬುರಗಿ ಕಡೆ ಹಳ್ಳಿಗಳಲ್ಲಿ ಗುಂಪು ಸೇರಿಸಲು ಹೋಗಬೇಡಿ, ಯಾರೂ ಬರಲ್ಲ, ಬಂದವರೂ ಗೋಡೆಗೆ ಒರಗಿ ನಿದ್ದೆ ಮಾಡುತ್ತಾರೆ. ಮೇ ತಿಂಗಳಲ್ಲಿ ಮಕ್ಕಳ ವಿಬಿಎಸ್ (ರಜೆಯ ಬೈಬಲ್ ಶಾಲೆ) ಇರುತ್ತದೆ, ಬಿಸಿಲೂ ಇರುತ್ತದೆ, ಹಗಲು ಹೊತ್ತು ಆಗುವ ಮಾತೇ ಅಲ್ಲ. ಸಂಜೆ ಏಳರ ಮೇಲೆ ಮಾಳಿಗೆ ಮೇಲೆ ಕೂರುವುದಾದರೆ ನಡೆಯುತ್ತದೆ. ನನ್ನನ್ನು ಕೇಳಿದರೆ ಜೂನ್ ಚೆನ್ನ. ಬಿತ್ತನೆಗೆ ಮಳೆ ಕಾಯುತ್ತಾ ಜನ ಸ್ವಲ್ಪ ಬಿಡುವಾಗಿರುತ್ತಾರೆ, ಸಂಜೆ ಗಾಳಿಯೂ ತಣ್ಣಗಾಗಿರುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಹಳೆ ಫ್ಲೆಕ್ಸ್ ಬ್ಯಾನರ್ ಒಂದು ಹುಡುಕಿ, ಹುಟ್ಟುಹಬ್ಬದ್ದೋ ಚುನಾವಣೆಯದ್ದೋ ಯಾವುದಾದರೂ ಸರಿ. ಅದರ ಹಿಂಭಾಗ ಬೆಳ್ಳಗಿರುತ್ತದೆ, ಪರ್ಮನೆಂಟ್ ಮಾರ್ಕರ್‌ನಲ್ಲಿ ನಕ್ಷೆ ಬರೆಯಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮೆಡಿಟರೇನಿಯನ್ ಸಮುದ್ರದ ಅಂಚು ದಪ್ಪಗೆ ಬರೆಯಿರಿ, ಇಟಲಿಯ ಬೂಟು, ಗ್ರೀಸ್, ಟರ್ಕಿ, ಸಿರಿಯಾ, ಈಜಿಪ್ಟ್. ಬಲಗಡೆ ಇರಾನ್‌ವರೆಗೆ, ಆಗುವುದಾದರೆ ನಮ್ಮ ದೇಶದ ಪಶ್ಚಿಮ ಕರಾವಳಿವರೆಗೆ ಜಾಗ ಬಿಡಿ, ಯಾಕೆಂದರೆ ತೋಮನ ಪ್ರಶ್ನೆ ಖಂಡಿತ ಬರುತ್ತದೆ. ಆಮೇಲೆ ನಾಲ್ಕು ಬಣ್ಣದ ಉಲ್ಲನ್ ದಾರ, ಗುಂಡುಸೂಜಿ, ಮೂರು ಬಣ್ಣದ ಸ್ಕೆಚ್ ಪೆನ್.

ದೂರ ಅರ್ಥವಾಗಲು ಒಂದು ಅಳತೆ ಮೊದಲೇ ಕೊಟ್ಟುಬಿಡಿ. ಯೆರೂಸಲೇಮಿನಿಂದ ಸಿರಿಯದ ಅಂತಿಯೋಕ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 500 ಕಿಲೋಮೀಟರ್. ಬೀದರ್‌ನಿಂದ ಬೆಂಗಳೂರಿಗೆ ಹಾಗೇ ಗೆರೆ ಎಳೆದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಸೊಂಟ ಹಿಡಿಸಿಕೊಂಡವರಿಗೆ, ಅಷ್ಟು ದೂರ ನಡೆದು ಹೋಗುವುದು ಅಂದರೆ ಏನು ಅಂತ ಮತ್ತೆ ವಿವರಿಸಬೇಕಿಲ್ಲ.

ಬೈಬಲ್ ಬಗ್ಗೆ ಒಂದು ಮಾತು. ಬೀದರ್ ಕಡೆ ಮೆಥೋಡಿಸ್ಟ್ ಸಭೆಯವರು ಜಾಸ್ತಿ, ಕಲಬುರಗಿಯಲ್ಲಿ 2005ರಿಂದ ಕಥೋಲಿಕ ಧರ್ಮಪ್ರಾಂತ್ಯವೂ ಇದೆ, ಹೊಸ ಪ್ರಾರ್ಥನಾ ಗುಂಪುಗಳಂತೂ ಊರಿಗೊಂದು. ಎಲ್ಲರ ಕೈಯಲ್ಲೂ ಒಂದೇ ಅನುವಾದ ಇರುವುದಿಲ್ಲ, ಹೆಸರುಗಳೂ ಒಂದೇ ಥರ ಇರುವುದಿಲ್ಲ. ಮೊದಲ ದಿನವೇ ಗೋಡೆ ಮೇಲೆ ಹೆಸರುಗಳ ಜೋಡಿ ಪಟ್ಟಿ ಅಂಟಿಸಿಬಿಡಿ. ಇಲ್ಲದಿದ್ದರೆ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ.

ಮೂರು ಬಣ್ಣ, ಒಂದು ಶಿಸ್ತು

ಇದೊಂದನ್ನು ಮಾತ್ರ ಬಿಡಬೇಡಿ. ನಕ್ಷೆ ಮೇಲೆ ಏನೇ ಬರೆದರೂ ಮೂರು ಬಣ್ಣದಲ್ಲೇ ಬರೆಯಬೇಕು. ಹೊಸ ಒಡಂಬಡಿಕೆಯಲ್ಲೇ ಇದ್ದರೆ ನೀಲಿ. ಮೊದಲ ಮೂರು–ನಾಲ್ಕು ಶತಮಾನದ ಕ್ರೈಸ್ತ ಬರಹಗಳಲ್ಲಿ ಇದ್ದರೆ ಹಸಿರು. ಅದಕ್ಕೂ ಆಮೇಲೆ ಬರಹಕ್ಕೆ ಬಂದ ಅಥವಾ ಊರವರ ಬಾಯಲ್ಲಿ ಉಳಿದು ಬಂದ ಮಾತಾದರೆ ಕೆಂಪು.

ಉದಾಹರಣೆಗೆ ಪೇತ್ರ ಯೊಪ್ಪದಿಂದ ಕೈಸರೈಯಕ್ಕೆ ಹೋದದ್ದು ನೀಲಿ. ಪೇತ್ರ, ಪೌಲ ಇಬ್ಬರೂ ಕಷ್ಟಪಟ್ಟು ಪ್ರಾಣ ಕೊಟ್ಟರು ಅಂತ ರೋಮಾಪುರದ ಸಭೆಯಿಂದ ಕೊರಿಂಥಕ್ಕೆ ಹೋದ ಒಂದು ಪತ್ರ ಹೇಳುತ್ತದೆ. ಅದು ಸುಮಾರು ಕ್ರಿ.ಶ. 96ರದ್ದು ಅನ್ನುತ್ತಾರೆ, ಹಾಗಾಗಿ ಅದು ಹಸಿರು. ತೋಮನ ಪಾಲಿಗೆ ಪಾರ್ಥ್ಯ, ಅಂದ್ರೆಯನ ಪಾಲಿಗೆ ಸ್ಕುಥ್ಯ, ಯೋಹಾನನ ಪಾಲಿಗೆ ಆಸ್ಯ ಸೀಮೆ ಬಂತು ಅಂತ 4ನೇ ಶತಮಾನದ ಇತಿಹಾಸಕಾರ ಯೂಸೇಬಿಯಸ್ ಬರೆದಿದ್ದಾನೆ, ಅದೂ ಹಸಿರು. ಯಾಕೋಬನ ಸಮಾಧಿ ಸ್ಪೇನಿನ ಸಾಂತಿಯಾಗೊದಲ್ಲಿ ಇದೆ ಅನ್ನುವುದು ಕೆಂಪು. ಆ ಸಮಾಧಿ ಸಿಕ್ಕಿತು ಅನ್ನುವ ಕಥೆಯೇ 9ನೇ ಶತಮಾನದ್ದು. ಯಾಕೋಬನನ್ನು ಹೆರೋದ ಅಗ್ರಿಪ್ಪ ಕತ್ತಿಯಿಂದ ಕೊಲ್ಲಿಸಿದ ಅಂತ ಕೃತ್ಯಗಳು 12ರಲ್ಲಿ ಸ್ಪಷ್ಟವಾಗಿದೆ, ಆ ಅಗ್ರಿಪ್ಪ ಸತ್ತದ್ದು ಕ್ರಿ.ಶ. 44ರಲ್ಲಿ. ಅಷ್ಟರೊಳಗೆ ಸ್ಪೇನಿಗೆ ಹೋಗಿ ಬಂದನಾ ಅಂತ ನೀವೇ ಲೆಕ್ಕ ಹಾಕಿ.

ಕೆಂಪು ಅಂದರೆ ಸುಳ್ಳು ಅಂತಲ್ಲ, ಇದನ್ನು ಗುಂಪಿಗೆ ಮೊದಲೇ ಹೇಳಿ. ಕೆಂಪು ಅಂದರೆ ಇಷ್ಟು ತಡವಾಗಿ ನಮ್ಮ ಕೈಗೆ ಬಂತು ಅಂತ, ಅಷ್ಟೇ. ಹಾಗೆ ಹೇಳದಿದ್ದರೆ ಯಾರಾದರೂ ಹಿರಿಯರಿಗೆ ಬೇಜಾರಾಗುತ್ತದೆ, ಮುಂದಿನ ವಾರ ಅವರು ಬರುವುದಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡಿ. ಯಾಕೋಬ ಅನ್ನುವವರು ಒಬ್ಬರಲ್ಲ, ಯೂದ ಒಬ್ಬನಲ್ಲ, ಸೀಮೋನ ಒಬ್ಬನಲ್ಲ. ಸಮಾರ್ಯಕ್ಕೆ ಹೋದ ಫಿಲಿಪ್ಪ ಹನ್ನೆರಡು ಜನರಲ್ಲಿ ಒಬ್ಬನಾದ ಫಿಲಿಪ್ಪನಲ್ಲ, ಕೃತ್ಯಗಳು 6ರಲ್ಲಿ ಊಟ ಬಡಿಸುವ ಕೆಲಸಕ್ಕೆ ಆರಿಸಿದ ಏಳು ಜನರಲ್ಲಿ ಒಬ್ಬ. ಪೌಲ ಹನ್ನೆರಡರಲ್ಲಿ ಇಲ್ಲವೇ ಇಲ್ಲ. ಆದರೂ ಅವನನ್ನೂ ಅವನ ಜೊತೆಗಾರ ಬಾರ್ನಬನನ್ನೂ ಕೃತ್ಯಗಳು 14ರಲ್ಲಿ ಅಪೊಸ್ತಲರು ಅಂತಲೇ ಕರೆದಿದೆ. ಊರುಗಳೂ ಹಾಗೇ. ಅಂತಿಯೋಕ್ಯ ಎರಡಿದೆ, ಒಂದು ಸಿರಿಯದ್ದು, ಒಂದು ಪಿಸಿದ್ಯದ್ದು, ಎರಡೂ ಇವತ್ತಿನ ಟರ್ಕಿಯಲ್ಲಿವೆ. ಆಸ್ಯ ಅಂದರೆ ಇಡೀ ಏಷ್ಯಾ ಅಲ್ಲ, ಎಫೆಸ ಇದ್ದ ಪಶ್ಚಿಮ ಟರ್ಕಿಯ ರೋಮನ್ ಪ್ರಾಂತ. ಮೇಲೆ ಹೇಳಿದ ಆಫ್ರಿಕಾದ ಅಧಿಕಾರಿಯನ್ನು ಕೃತ್ಯಗಳು ಐಥಿಯೋಪ್ಯದ ಕಂಚುಕಿ, ಅಂದರೆ ಅಲ್ಲಿನ ರಾಣಿಯ ನಪುಂಸಕ ಅಧಿಕಾರಿ ಅನ್ನುತ್ತದೆ, ಆ ಐಥಿಯೋಪ್ಯವೂ ಇವತ್ತಿನ ಇಥಿಯೋಪಿಯಾ ಅಲ್ಲ. ಕಂದಾಕೆ ಅನ್ನುವುದು ಮೆರೊಯೆಯ ರಾಣಿಯರ ಬಿರುದು, ಆ ರಾಜ್ಯ ಇದ್ದದ್ದು ಇವತ್ತಿನ ಸುಡಾನಿನಲ್ಲಿ. ಗುಂಡುಸೂಜಿ ಅಲ್ಲಿ ಚುಚ್ಚಿ.

ಮೊದಲ ವಾರಗಳು ಬೇಗ ಮುಗಿಸಿ

ಕೃತ್ಯಗಳು 2ರಲ್ಲಿ ಜನಗಳ ದೊಡ್ಡ ಪಟ್ಟಿಯೇ ಇದೆ: ಪಾರ್ಥ್ಯರು, ಮೇದ್ಯರು, ಏಲಾಮ್ಯರು, ಕಪ್ಪದೋಕ್ಯ, ಈಜಿಪ್ಟ್, ಲಿಬಿಯಾ, ರೋಮಾಪುರ, ಕ್ರೇತ, ಅರಬಿ. ಒಬ್ಬೊಬ್ಬರು ಒಂದೊಂದು ಹೆಸರು ಓದಲಿ, ಒಬ್ಬರು ನಕ್ಷೆಯಲ್ಲಿ ಹುಡುಕಿ ಚುಕ್ಕೆ ಇಡಲಿ. ಮಕ್ಕಳಿಗೆ ಇದು ಬಹಳ ಇಷ್ಟ. ಅವತ್ತು ಇಷ್ಟು ಸಾಕು.

ಮುಂದಿನ ವಾರ 8ನೇ ಅಧ್ಯಾಯ. ಸಮಾರ್ಯದವರ ಜೊತೆ ಯೆಹೂದ್ಯರಿಗೆ ಹೊಕ್ಕುಬಳಕೆ ಇರಲಿಲ್ಲ ಅಂತ ಯೋಹಾನನ ಸುವಾರ್ತೆಯೇ ಹೇಳುತ್ತದೆ. ಅಂಥಲ್ಲಿಗೆ ಹೋದವನು ಅಪೊಸ್ತಲನಲ್ಲ, ಊಟದ ಉಸ್ತುವಾರಿ ನೋಡಬೇಕಿದ್ದ ಫಿಲಿಪ್ಪ. ಪೇತ್ರ ಯೋಹಾನರು ಆಮೇಲೆ ಬಂದು ನೋಡುತ್ತಾರೆ. ಅದೇ ಫಿಲಿಪ್ಪ ಗಾಜಾ ದಾರಿಯಲ್ಲಿ ರಥದ ಪಕ್ಕ ಓಡುತ್ತಾ ಕಂಚುಕಿಯನ್ನು ಮಾತಾಡಿಸುತ್ತಾನೆ. ಅವನು ಶುರು ಮಾಡಿದ್ದು ಒಂದು ಪ್ರಶ್ನೆಯಿಂದ, ನೀನು ಓದುತ್ತಿರುವುದು ನಿನಗೆ ತಿಳಿಯುತ್ತಿದೆಯಾ ಅಂತ. ಕಂಚುಕಿ ಆಗಲೇ ಯೆಶಾಯನ ಪುಸ್ತಕ ಬಿಡಿಸಿಕೊಂಡು ಕೂತಿದ್ದ, ಫಿಲಿಪ್ಪ ಅಲ್ಲಿಂದಲೇ ಮಾತು ಎತ್ತಿಕೊಂಡ.

ಅದರ ಮುಂದಿನ ವಾರ ರೋಮನ್ ಸೈನ್ಯದ ಶತಾಧಿಪತಿ ಕೊರ್ನೇಲ್ಯ. ಇದು ಉದ್ದ ಕಥೆ, ಒಂದೇ ಸಂಗತಿಯನ್ನು 10 ಮತ್ತು 11ನೇ ಅಧ್ಯಾಯದಲ್ಲಿ ಎರಡೆರಡು ಸಲ ಹೇಳಿದೆ. ಯಾಕೆ ಎರಡು ಸಲ ಅಂತ ಗುಂಪನ್ನು ಕೇಳಿ. ಪೇತ್ರ ಆ ಶತಾಧಿಪತಿಯ ಮನೆಯೊಳಗೆ ಕಾಲಿಟ್ಟದ್ದೇ ದೊಡ್ಡ ಗಲಾಟೆ. ಯೆರೂಸಲೇಮಿಗೆ ವಾಪಸ್ ಬಂದ ಕೂಡಲೇ ಅವನನ್ನು ಹಿಡಿದು ಕೇಳಿದ್ದು ದೀಕ್ಷಾಸ್ನಾನದ ವಿಷಯ ಅಲ್ಲ. ನೀನು ಅವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆಯಲ್ಲ ಅಂತ. ಇದನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗೇ 11ನೇ ಅಧ್ಯಾಯದ 20ನೇ ವಚನವನ್ನು ಎರಡು ಸಲ ಓದಿಸಿ. ಕುಪ್ರದವರು, ಕುರೇನೆಯವರು ಕೆಲವರು ಅಂತಿಯೋಕ್ಯಕ್ಕೆ ಬಂದು ಗ್ರೀಕರ ಹತ್ತಿರವೂ ಮಾತಾಡಿದರು ಅಂತಿದೆ. ಕೆಲವರು! ಹೆಸರೇ ಇಲ್ಲ. ಕ್ರೈಸ್ತರು ಅನ್ನುವ ಹೆಸರು ಮೊದಲು ಬಂದದ್ದೇ ಅಂತಿಯೋಕ್ಯದಲ್ಲಿ. ಅಂಥ ಸಭೆಯನ್ನು ಶುರು ಮಾಡಿದವರು ಯಾರು ಅಂತ ಬರೆದಿಲ್ಲ. ಪೋಸ್ಟರ್ ಚಾರ್ಟ್‌ನಲ್ಲಿ ಇವರಿಗೆ ಜಾಗವೇ ಸಿಗುವುದಿಲ್ಲ, ಅದಕ್ಕೇ ನನಗೆ ಆ ಚಾರ್ಟ್ ಕಂಡರೆ ಆಗಲ್ಲ.

ಮೂರು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ಓದಿ

ಇಡೀ ಅಭ್ಯಾಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ. ಪೌಲನ ಮೂರು ಮಾತುಗಳನ್ನು ಝೆರಾಕ್ಸ್ ಮಾಡಿಸಿ, ಎಲ್ಲರಿಗೂ ಮೂರೂ ಹಾಳೆ ಕೊಡಿ. ಒಂದು, ಪಿಸಿದ್ಯದ ಅಂತಿಯೋಕ್ಯದ ಸಭಾಮಂದಿರದಲ್ಲಿ ಆಡಿದ್ದು, 13ನೇ ಅಧ್ಯಾಯ 16ರಿಂದ 41. ಎರಡು, ಲುಸ್ತ್ರದಲ್ಲಿ ಆಡಿದ್ದು, 14ನೇ ಅಧ್ಯಾಯ 15ರಿಂದ 17, ಬರೀ ಮೂರು ವಚನ. ಮೂರು, ಅಥೇನೆಯ ಹಿರಿಯರ ಸಭೆಯಾದ ಅರಿಯೊಪಾಗದಲ್ಲಿ ಆಡಿದ್ದು, 17ನೇ ಅಧ್ಯಾಯ 22ರಿಂದ 31. ಪೆನ್ಸಿಲ್ ಕೊಟ್ಟು, ಮನುಷ್ಯರ ಹೆಸರು, ಊರಿನ ಹೆಸರು, ಹಳೆ ಶಾಸ್ತ್ರದ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲಿ ಅಡಿಗೆರೆ ಹಾಕಲು ಹೇಳಿ.

ಮೊದಲ ಹಾಳೆ ಗೆರೆಗಳಿಂದ ತುಂಬಿಹೋಗುತ್ತದೆ. ಐಗುಪ್ತ, ಕಾನಾನ್, ಸಮುವೇಲ, ಸೌಲ, ದಾವೀದ, ಸ್ನಾನಿಕ ಯೋಹಾನ, ಕೀರ್ತನೆಯ ಸಾಲು, ಯೆಶಾಯನ ಸಾಲು. ಎರಡನೇ ಹಾಳೆಯಲ್ಲಿ ಒಂದೇ ಒಂದು ಹೆಸರಿಲ್ಲ. ದಾವೀದ ಇಲ್ಲ, ಮೋಶೆ ಇಲ್ಲ, ಯೇಸುವಿನ ಹೆಸರೂ ಇಲ್ಲ. ಆಕಾಶದಿಂದ ಮಳೆ, ಸುಗ್ಗಿ ಕಾಲ, ಹೊಟ್ಟೆ ತುಂಬ ಊಟ, ಮನಸ್ಸಿಗೆ ಸಂತೋಷ, ಇಷ್ಟೇ. ಮೂರನೇ ಹಾಳೆಯಲ್ಲಿ ಹಳೆ ಶಾಸ್ತ್ರವನ್ನು ಎತ್ತಿ ಹೇಳುವುದಿಲ್ಲ, ಅವರದೇ ಊರಿನ ಬಲಿಪೀಠ ಒಂದನ್ನು ತೋರಿಸುತ್ತಾನೆ, ಆಮೇಲೆ ಅವರ ಕವಿಗಳದೇ ಸಾಲು ಹೇಳುತ್ತಾನೆ. ನಾವು ಅವನ ಸಂತಾನದವರೇ ಅನ್ನುವ ಆ ಸಾಲು ಅರಾತನೆಂಬ ಗ್ರೀಕ್ ಕವಿಯದ್ದು, ಅವನು ಪೌಲನ ತಾರ್ಸ ಇದ್ದ ಕಿಲಿಕ್ಯ ಸೀಮೆಯವನೇ.

ಲುಸ್ತ್ರದ ಕಥೆಯನ್ನು ಪೂರ್ತಿ ಓದಿ. ಹುಟ್ಟಿನಿಂದ ನಡೆಯದ ಒಬ್ಬ ಎದ್ದು ನಡೆಯುತ್ತಾನೆ. ಜನ ಕೂಗಿಕೊಳ್ಳುತ್ತಾರೆ, ದೇವರುಗಳು ಮನುಷ್ಯರ ರೂಪದಲ್ಲಿ ಇಳಿದು ಬಂದಿದ್ದಾರೆ ಅಂತ. ಬಾರ್ನಬನನ್ನು ಗ್ರೀಕರ ದೇವರಾಜ ಜೀಯಸ್ ಅನ್ನುತ್ತಾರೆ, ಜಾಸ್ತಿ ಮಾತಾಡುವವನು ಅಂತ ಪೌಲನನ್ನು ದೇವರುಗಳ ದೂತ ಹರ್ಮಿಸ್ ಅನ್ನುತ್ತಾರೆ. ಅವರು ಕೂಗಿದ್ದು ಲುಕವೋನ್ಯ ಭಾಷೆಯಲ್ಲಿ, ಇದನ್ನು ಕೃತ್ಯಗಳನ್ನು ಬರೆದ ಲೂಕ ಬಿಡದೆ ಬರೆದಿದ್ದಾನೆ. ಪೂಜಾರಿ ಎತ್ತುಗಳನ್ನೂ ಹೂವಿನ ಹಾರಗಳನ್ನೂ ಊರ ಬಾಗಿಲಿಗೆ ತಂದಾಗಲೇ ಇವರಿಬ್ಬರಿಗೆ ಏನು ನಡೆಯುತ್ತಿದೆ ಅಂತ ಗೊತ್ತಾದ ಹಾಗಿದೆ, ಆಗ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗುತ್ತಾರೆ. ಅದೇ ಕಾಲದ ಸುಮಾರಿಗೆ ರೋಮನ್ ಕವಿಯೊಬ್ಬ ಬರೆದ ಕಥೆಯೊಂದಿದೆ: ಪಕ್ಕದ ಫ್ರುಗ್ಯ ಸೀಮೆಗೆ ಇದೇ ಇಬ್ಬರು ದೇವರು ಮಾರುವೇಷದಲ್ಲಿ ಬರುತ್ತಾರೆ, ಯಾರೂ ಮನೆಗೆ ಸೇರಿಸುವುದಿಲ್ಲ, ಒಂದು ಬಡ ಮುದಿ ಜೋಡಿ ಮಾತ್ರ ಊಟ ಹಾಕುತ್ತದೆ, ಉಳಿದ ಊರೆಲ್ಲ ನೀರಲ್ಲಿ ಮುಳುಗುತ್ತದೆ. ಲುಸ್ತ್ರದವರು ಇಂಥ ಕಥೆ ಕೇಳಿ ಬೆಳೆದಿದ್ದರೆ ಹಾರ ಹಿಡಿದು ಓಡಿ ಬಂದದ್ದರಲ್ಲಿ ಆಶ್ಚರ್ಯ ಏನಿಲ್ಲ.

ಇಲ್ಲಿ ಒಂದು ಎಚ್ಚರ. ಈ ಭಾಗ ಓದುವಾಗ ಲುಸ್ತ್ರದ ಜನರನ್ನು ನೋಡಿ ನಗಬೇಡಿ, ನಗಲು ಬಿಡಲೂಬೇಡಿ. ನಿಮ್ಮ ಗುಂಪಿನಲ್ಲಿ ಕೂತವರ ಸೋದರಮಾವನ ಮನೆಯಲ್ಲಿ ಇವತ್ತಿಗೂ ಹಾರ, ತೆಂಗಿನಕಾಯಿ, ಜಾತ್ರೆ ಎಲ್ಲ ಇರುತ್ತದೆ. ಪಕ್ಕದ ಮನೆಯವರು ಸುಮ್ನೆ ಕೇಳಲು ಬಂದು ಕೂತಿರಬಹುದು. ಪೌಲನೇ ಅವರನ್ನು ಮೂಢರು ಅಂತ ಬೈದಿಲ್ಲ. ನಾವೂ ನಿಮ್ಮಂಥ ಮನುಷ್ಯರೇ ಅಂದ, ವ್ಯರ್ಥವಾದವುಗಳನ್ನು ಬಿಡಿ ಅಂತಲೂ ಅಂದ, ಆಮೇಲೆ ಅವರ ಹೊಲ, ಅವರ ಮಳೆ ತೋರಿಸಿದ. ಜೂನ್‌ನಲ್ಲಿ ಓದಿ ಅಂದದ್ದು ಇದಕ್ಕೇ. ಮೋಡ ನೋಡುತ್ತಾ ಬೀಜ ತಂದಿಟ್ಟುಕೊಂಡವರ ಮುಂದೆ ಈ ಮೂರು ವಚನ ಓದಿದರೆ ಯಾರೂ ವ್ಯಾಖ್ಯಾನ ಕೇಳುವುದಿಲ್ಲ.

ಮಾತು ಬದಲಾದರೆ ಫಲಿತಾಂಶ ಚೆನ್ನಾಗಿರುತ್ತದೆ ಅಂತ ಮಾತ್ರ ಹೇಳಿಕೊಡಬೇಡಿ, ಪುಸ್ತಕ ಹಾಗೆ ಹೇಳುವುದಿಲ್ಲ. ಹಾರ ತಂದ ಅದೇ ಲುಸ್ತ್ರದಲ್ಲಿ, ಅಂತಿಯೋಕ್ಯ ಇಕೋನ್ಯಗಳಿಂದ ಬಂದವರ ಮಾತು ಕೇಳಿ ಪೌಲನಿಗೆ ಕಲ್ಲು ಹೊಡೆದು, ಸತ್ತ ಅಂತ ಊರ ಹೊರಗೆ ಎಳೆದು ಹಾಕಿದರು. ಅಥೇನೆಯಲ್ಲಿ ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳೋಣ ಅಂದರು, ನಂಬಿದವರಲ್ಲಿ ದಿಯೊನುಸ್ಯ, ದಾಮರಿ ಅಂತ ಎರಡು ಹೆಸರು ಮಾತ್ರ ಬರೆದಿದೆ. ಆದರೆ ಮುಂದಿನ ಸಲ ಪೌಲ ಲುಸ್ತ್ರದ ಕಡೆ ಬಂದಾಗ ತಿಮೊಥೆಯ ಸಿಗುತ್ತಾನೆ. ತಂದೆ ಗ್ರೀಕ, ತಾಯಿ ಯೆಹೂದ್ಯಳು, ಎರಡೂ ಕಡೆ ಗೊತ್ತಿರುವ ಹುಡುಗ.

ಬೀದರ್‌ನಂಥ ಊರಲ್ಲಿ ಇದಕ್ಕೊಂದು ಅಭ್ಯಾಸ ಸುಲಭವಾಗಿ ಮಾಡಿಸಬಹುದು. ಕನ್ನಡ, ಮರಾಠಿ, ತೆಲುಗು, ದಖ್ಖನಿ ಉರ್ದು, ನಾಲ್ಕೂ ಬಲ್ಲವರು ಒಂದೇ ಗುಂಪಿನಲ್ಲಿ ಸಿಗುತ್ತಾರೆ. ಕೃತ್ಯಗಳು 21ರ ಕೊನೆ ಓದಿಸಿ: ಪೌಲ ಸೈನ್ಯದ ಅಧಿಕಾರಿ ಹತ್ತಿರ ಗ್ರೀಕಿನಲ್ಲಿ ಮಾತಾಡುತ್ತಾನೆ, ಅವನು ಬೆಚ್ಚಿಬೀಳುತ್ತಾನೆ. ಮರುಕ್ಷಣ ಮೆಟ್ಟಿಲ ಮೇಲೆ ನಿಂತು ಜನರಿಗೆ ಅವರ ಭಾಷೆಯಲ್ಲಿ ಹೇಳುತ್ತಾನೆ, ಗದ್ದಲ ನಿಲ್ಲುತ್ತದೆ. ನೀವು ಯಾವ ಮಾತು ಯಾವ ಭಾಷೆಯಲ್ಲಿ ಆಡುತ್ತೀರಿ, ಜಗಳ ಯಾವುದರಲ್ಲಿ, ಪ್ರಾರ್ಥನೆ ಯಾವುದರಲ್ಲಿ ಅಂತ ಕೇಳಿ ನೋಡಿ. ಮಾತು ನಿಲ್ಲಿಸಲು ನೀವೇ ಗಡಿಯಾರ ತೋರಿಸಬೇಕಾಗುತ್ತದೆ.

ಅಂತಿಯೋಕ್ಯದ ಊಟ

ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ, ಯಾಕೆಂದರೆ ಇಬ್ಬರು ದೊಡ್ಡವರು ಬೀದಿಯಲ್ಲಿ ಜಗಳವಾಡಿದ ಕಥೆ. ಹಾರಿಸಬೇಡಿ. ಗಲಾತ್ಯದವರಿಗೆ ಬರೆದ ಪತ್ರ, 2ನೇ ಅಧ್ಯಾಯ. ಮೊದಲು 7ರಿಂದ 9 ಓದಿ. ಪೇತ್ರ ಸುನ್ನತಿಯವರ (ಯೆಹೂದ್ಯರ) ಹತ್ತಿರ, ಪೌಲ ಅನ್ಯಜನರ (ಯೆಹೂದ್ಯರಲ್ಲದವರ) ಹತ್ತಿರ ಹೋಗಬೇಕು ಅಂತ ಕೈ ಕೈ ಹಿಡಿದು ಒಪ್ಪಂದ ಆಗುತ್ತದೆ. ಹೇಳಲು ಸುಲಭ. ನಡೆದದ್ದು ಹಾಗಿಲ್ಲ, ಕೊರ್ನೇಲ್ಯನ ಮನೆಗೆ ಹೋದವನು ಪೇತ್ರನೇ, ಹೊಸ ಊರಿಗೆ ಹೋದಾಗ ಹೆಚ್ಚಾಗಿ ಪೌಲ ಮೊದಲು ಹುಡುಕಿದ್ದು ಯೆಹೂದ್ಯರ ಸಭಾಮಂದಿರವನ್ನೇ.

ಆಮೇಲೆ 11ರಿಂದ 14. ಪೇತ್ರ ಅಂತಿಯೋಕ್ಯಕ್ಕೆ ಬಂದು ಅನ್ಯಜನರ ಜೊತೆ ಕೂತು ಊಟ ಮಾಡುತ್ತಿರುತ್ತಾನೆ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ (ಹೆರೋದ ಕೊಲ್ಲಿಸಿದವನಲ್ಲ, ಇನ್ನೊಬ್ಬ) ಕಡೆಯಿಂದ ಕೆಲವರು ಬರುತ್ತಾರೆ. ಪೇತ್ರ ನಿಧಾನಕ್ಕೆ ಹಿಂದೆ ಸರಿಯುತ್ತಾನೆ, ಬೇರೆ ಕೂರುತ್ತಾನೆ. ಅವನನ್ನು ನೋಡಿ ಉಳಿದವರೂ, ಬಾರ್ನಬನೂ. ಪೌಲ ಎಲ್ಲರ ಮುಂದೆಯೇ ಮುಖಕ್ಕೆ ಹೇಳಿಬಿಡುತ್ತಾನೆ. ಪೇತ್ರ ಏನು ಉತ್ತರ ಕೊಟ್ಟ ಅಂತ ಪತ್ರದಲ್ಲಿ ಇಲ್ಲ.

ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ, ಯಾರ ಪಂಕ್ತಿಯಲ್ಲಿ ಯಾರು ಕೂರಬೇಕು ಅನ್ನುವ ಪ್ರಶ್ನೆಗೆ 12ನೇ ಶತಮಾನದಲ್ಲೇ ಶರಣರು ಜಗಳ ತೆಗೆದ ಸೀಮೆಯಲ್ಲಿ, ಈ ನಾಲ್ಕು ವಚನಕ್ಕೆ ಟಿಪ್ಪಣಿ ಬೇಕಿಲ್ಲ. ನೀವು ಪಾಠ ಹೇಳುವುದು ನಿಲ್ಲಿಸಿ, ಒಂದು ಪ್ರಶ್ನೆ ಮಾತ್ರ ಇಡಿ: ಒಬ್ಬರೇ ಇದ್ದಾಗ ಉಂಡ ಮನೆಯಲ್ಲಿ, ನೆಂಟರು ನೋಡುತ್ತಾರೆ ಅಂತ ಊಟ ಬಿಟ್ಟದ್ದು ಯಾರಾದರೂ ಇದ್ದೀರಾ? ಕೈ ಎತ್ತಿಸಬೇಡಿ, ಉತ್ತರಕ್ಕೆ ಒತ್ತಾಯ ಮಾಡಬೇಡಿ. ಮದುವೆ ಊಟದಿಂದ ಹಿಡಿದು ಸಭೆಯೊಳಗಿನ ಒಳಜಾತಿಯವರೆಗೆ ಮಾತು ಹೋಗುತ್ತದೆ. ಸ್ವಲ್ಪ ಬಿಸಿಯಾಗಬಹುದು, ಆಗಲಿ. ಪಾಸ್ಟರ್ ಬಂದು ಕೂತಿದ್ದರೆ ಅವತ್ತು ಅವರೂ ಕೇಳುವವರ ಸಾಲಿನಲ್ಲಿ ಇರುವುದು ಒಳ್ಳೆಯದು.

ಅದಾದ ಮೇಲೆ ಕೃತ್ಯಗಳು 15 ಓದಿ, ಯೆರೂಸಲೇಮಿನ ಸಭೆಯ ತೀರ್ಮಾನ. ಹೊಸದಾಗಿ ಬಂದವರು ಸುನ್ನತಿ ಮಾಡಿಸಿಕೊಳ್ಳಬೇಕಿಲ್ಲ ಅಂತ ಆಯಿತು. ವಿಗ್ರಹಕ್ಕೆ ಅರ್ಪಿಸಿದ್ದು, ಜಾರತ್ವ, ಕುತ್ತಿಗೆ ಹಿಸುಕಿದ ಪ್ರಾಣಿಯ ಮಾಂಸ, ರಕ್ತ, ಈ ನಾಲ್ಕನ್ನು ಬಿಡಬೇಕು ಅಂತಾಯಿತು. ನಾಲ್ಕರಲ್ಲಿ ಮೂರು ಊಟದ ವಿಷಯವೇ, ನೋಡಿ.

ಇಸವಿ ಕೇಳಿದರೆ

ಹುಡುಗರು ಇಸವಿ ಕೇಳುತ್ತಾರೆ. ಭದ್ರವಾಗಿ ಹಿಡಿದುಕೊಳ್ಳಲು ಕೆಲವು ಗೂಟಗಳಿವೆ, ಉಳಿದದ್ದನ್ನು ಅವುಗಳ ನಡುವೆ ಅಂದಾಜಿಗೆ ಇಡಿ. ಅಗ್ರಿಪ್ಪ ಸತ್ತದ್ದು 44 ಅಂತ ಹೇಳಿದೆ. ಪೌಲನನ್ನು ಕೊರಿಂಥದಲ್ಲಿ ಗಲ್ಲಿಯೋನನೆಂಬ ರೋಮನ್ ಅಧಿಪತಿಯ ಮುಂದೆ ನಿಲ್ಲಿಸಿದರು ಅಂತ ಕೃತ್ಯಗಳು 18ರಲ್ಲಿದೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಶಿಲಾಶಾಸನದಲ್ಲಿ ಆ ಗಲ್ಲಿಯೋನನ ಹೆಸರಿದೆ, ಅದರಿಂದ ಅವನು ಕೊರಿಂಥ ಇದ್ದ ಅಖಾಯ ಪ್ರಾಂತದಲ್ಲಿ ಅಧಿಕಾರದಲ್ಲಿದ್ದದ್ದು ಸುಮಾರು 51–52 ಅಂತ ಗೊತ್ತಾಗುತ್ತದೆ. ಪೌಲನ ಇಡೀ ಕಾಲಗಣನೆ ನಿಂತಿರುವುದೇ ಈ ಒಂದು ಕಲ್ಲಿನ ಮೇಲೆ ಅಂದರೂ ತಪ್ಪಲ್ಲ. ರೋಮಾಪುರ ಸುಟ್ಟದ್ದು 64, ಯೆರೂಸಲೇಮಿನ ದೇವಾಲಯ ಬಿದ್ದದ್ದು 70. ಸಾಕು.

ಪೌಲನ ಪ್ರಯಾಣಗಳಿಗೆ ದಾರ ಬಳಸಿ. ಮೂರು ಸುತ್ತಿಗೆ ಮೂರು ಬಣ್ಣದ ದಾರ, ನಾಲ್ಕನೆಯದು ರೋಮಾಪುರಕ್ಕೆ ಕೈದಿಯಾಗಿ ಹೋದದ್ದು. ಕೃತ್ಯಗಳು 27 ಅನ್ನು ಮಾತ್ರ ಯಾರಾದರೂ ಚೆನ್ನಾಗಿ ಓದುವವರಿಂದ ಜೋರಾಗಿ ಓದಿಸಿ, 276 ಜನರಿದ್ದ ಹಡಗು, ಹದಿನಾಲ್ಕು ರಾತ್ರಿ ಬಿರುಗಾಳಿ. ಸಮುದ್ರ ನೋಡದ ನಮ್ಮ ಕಡೆ ಮಕ್ಕಳೂ ಬಾಯಿ ತೆರೆದು ಕೇಳುತ್ತಾರೆ. ಎಫೆಸದ ಗಲಭೆ ಬಂದಾಗ, ಬೀದರ್‌ನಲ್ಲಾದರೆ, ಬಿದರಿ ಕೆಲಸ ಗೊತ್ತಿರುವವರಿಗೆ ಮಾತು ಬಿಡಿ. ಪೌಲನ ಮಾತಿನಿಂದ ತನ್ನ ಕಸುಬು ಕೆಡುತ್ತದೆ ಅಂತ ಗಲಭೆ ಎಬ್ಬಿಸಿದ ಬೆಳ್ಳಿ ಕೆಲಸದ ದೇಮೇತ್ರಿಯನ ಹೊಟ್ಟೆಪಾಡಿನ ಸಿಟ್ಟು ಅವರಿಗೆ ಬೇಗ ಅರ್ಥವಾಗುತ್ತದೆ.

ತೋಮನ ಪ್ರಶ್ನೆ

ಯಾವ ವಾರವಾದರೂ ಸರಿ, ಯಾರಾದರೂ ಕೇಳಿಯೇ ಕೇಳುತ್ತಾರೆ: ತೋಮ ನಮ್ಮ ದೇಶಕ್ಕೆ ಬಂದಿದ್ದ ಅಲ್ವಾ? ಬಣ್ಣದ ಪೆನ್ನು ಈಗ ಕೆಲಸಕ್ಕೆ ಬರುತ್ತದೆ. ನೀಲಿಯಲ್ಲಿ ತೋಮನ ಪ್ರಯಾಣ ಒಂದೂ ಇಲ್ಲ. ಹಸಿರಿನಲ್ಲಿ ಇದೆ. 3ನೇ ಶತಮಾನದ ಸಿರಿಯಾಕ್ ಬರಹವೊಂದು ಅವನು ಗುಂದಫರ ರಾಜನ ಹತ್ತಿರ ಬಂದ ಕಥೆ ಹೇಳುತ್ತದೆ. ಕಥೆಯ ತುಂಬ ಪವಾಡ, ಆದರೆ ಗೊಂಡೊಫರೀಸ್ ಅನ್ನುವ ರಾಜ ನಿಜವಾಗಿ ವಾಯವ್ಯ ಭಾರತದ ಕಡೆ ಆಳಿದ್ದ, ಅವನ ನಾಣ್ಯಗಳು 19ನೇ ಶತಮಾನದಲ್ಲಿ ಸಿಕ್ಕವು. ತೋಮನ ಎಲುಬುಗಳು ಭಾರತದಿಂದ ಇವತ್ತಿನ ಟರ್ಕಿಯಲ್ಲಿರುವ ಎದೆಸ್ಸಕ್ಕೆ ಬಂದವು ಅಂತ 4ನೇ ಶತಮಾನದ ಸಿರಿಯಾಕ್ ಕವಿ ಎಫ್ರೇಮ್ ಹಾಡು ಕಟ್ಟಿದ್ದಾನೆ. ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿಗೆ ಬಂದ, 72ರಲ್ಲಿ ಮೈಲಾಪುರದಲ್ಲಿ ಸತ್ತ ಅನ್ನುವ ಇಸವಿಗಳು ಕೇರಳದ ಸಂಪ್ರದಾಯದ್ದು, ಅದನ್ನು ಕೆಂಪಿನಲ್ಲಿ ಬರೆಯಿರಿ. ಆ ಕಾಲದಲ್ಲಿ ಮೆಣಸಿನ ವ್ಯಾಪಾರಕ್ಕೆ ರೋಮನ್ ಹಡಗುಗಳು ಮಲಬಾರಿಗೆ ಬರುತ್ತಿದ್ದದ್ದು ಖಚಿತ, ಅಂದರೆ ದಾರಿ ಇತ್ತು. ದಾರಿ ಇತ್ತು ಅಂದ ಮಾತ್ರಕ್ಕೆ ಬಂದ ಅಂತ ಸಾಬೀತಾಗುವುದಿಲ್ಲ, ಬರಲಿಲ್ಲ ಅಂತಲೂ ಅಲ್ಲ. ಗುಂಪಿನಲ್ಲಿ ಮಲಯಾಳಿ ಮನೆಯವರಿದ್ದರೆ ಅವರ ಮನೆಯಲ್ಲಿ ಹೇಗೆ ಹೇಳುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ತಿದ್ದಲು ಹೋಗಬೇಡಿ.

ಇನ್ನು, ಹಳೆ ಪುಸ್ತಕದಲ್ಲಿ ಕಲ್ಯಾಣದ ಹೆಸರಿದೆ, ನಮ್ಮ ಬಸವಕಲ್ಯಾಣಕ್ಕೂ ಆಗಲೇ ಬಿಷಪ್ ಇದ್ದರು ಅಂತ ಒಬ್ಬರಾದರೂ ಉತ್ಸಾಹದಲ್ಲಿ ಹೇಳುತ್ತಾರೆ. 6ನೇ ಶತಮಾನದ ಪ್ರವಾಸಿ ಕಾಸ್ಮಸ್ ಕಲ್ಲಿಯಾನಾ ಅಂತ ಬರೆದದ್ದು ಹೌದು. ಅದನ್ನು ವಿದ್ವಾಂಸರು ಗುರುತಿಸುವುದು ಮುಂಬೈ ಹತ್ತಿರದ ಕಲ್ಯಾಣ ಅಂತ, ನಮ್ಮದಲ್ಲ. ನಮ್ಮ ಕಡೆ ಸಭೆಗಳ ಕಥೆ ಹೆಚ್ಚಾಗಿ 19ನೇ ಶತಮಾನದ ಕೊನೆಯಿಂದ ಈಚೆಗಿನದ್ದು, ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಮತ್ತು ಅವರ ಜೊತೆ ಹಳ್ಳಿ ಹಳ್ಳಿ ಸುತ್ತಿದ ನಮ್ಮವರೇ ಆದ ಉಪದೇಶಿಗಳದ್ದು. ಆ ಉಪದೇಶಿಗಳ ಹೆಸರು ಮನೆಯ ಹಿರಿಯರ ಬಾಯಲ್ಲಿ ಇನ್ನೂ ಇರುತ್ತದೆ, ಫೋನ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಉಳಿದ ಅಪೊಸ್ತಲರನ್ನು ಒಂದೇ ಸಂಜೆ ಮುಗಿಸಬಹುದು. ಅಂದ್ರೆಯನಿಗೆ ಗ್ರೀಸಿನ ಪಾತ್ರಾ, ಫಿಲಿಪ್ಪನಿಗೆ ಹಿಯೆರಾಪೊಲಿ, ಬಾರ್ತೊಲೊಮಾಯ ಮತ್ತು ತದ್ದಾಯರಿಗೆ ಅರ್ಮೇನಿಯಾ. ಮತ್ತಾಯ ಎಲ್ಲಿಗೆ ಹೋದ ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ದೇಶ ಹೇಳುತ್ತಾರೆ. ಚುಕ್ಕೆ ಇಟ್ಟು, ಬಣ್ಣ ಹಾಕಿ, ಮುಂದೆ ಹೋಗಿ.

ಕೊನೆಯ ವಾರ

ಕೃತ್ಯಗಳು 28 ಪೌಲನ ಸಾವಿನಿಂದ ಮುಗಿಯುವುದಿಲ್ಲ. ರೋಮಾಪುರದಲ್ಲಿ ಬಾಡಿಗೆ ಮನೆ, ಎರಡು ವರ್ಷ, ಬಂದವರ ಜೊತೆ ಮಾತು, ಅಲ್ಲಿಗೆ ನಿಂತುಬಿಡುತ್ತದೆ. ಹಾಗಾಗಿ ಅದರಿಂದ ಮುಗಿಸಲು ಹೋದರೆ ಗುಂಪು ಆಮೇಲೆ ಏನಾಯಿತು ಅಂತಲೇ ಕೇಳುತ್ತಿರುತ್ತದೆ. ನಾನು ಕೊನೆಗೆ ಇಡುವುದು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ, ಎಲ್ಲರೂ ಪುಟ ತಿರುಗಿಸಿಬಿಡುವ ವಂದನೆಗಳ ಪಟ್ಟಿ. ಕೆಂಖ್ರೆಯ ಫೊಯಿಬೆ, ಗುಡಾರ ಹೊಲಿಯುವ ಪ್ರಿಸ್ಕ ಅಕ್ವಿಲರು, ಆಸ್ಯದ ಮೊದಲ ಫಲ ಎಪೈನೆತ, ಪೌಲನ ಜೊತೆ ಸೆರೆಯಲ್ಲಿದ್ದ ಅಂದ್ರೋನಿಕ ಯೂನ್ಯ, ತನಗೂ ತಾಯಿಯಂತಿದ್ದಳು ಅಂತ ಪೌಲ ಹೇಳುವ ರೂಫನ ತಾಯಿ. 22ನೇ ವಚನದಲ್ಲಿ ಪತ್ರ ಬರೆದುಕೊಂಡ ತೆರ್ತ್ಯನೂ ಮಧ್ಯೆ ತಲೆ ಹಾಕಿ ನನ್ನದೂ ವಂದನೆ ಅನ್ನುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಹೆಸರಿನ ಚೀಟಿ ಕೊಡಿ. ಗ್ರೀಕ ಹೆಸರೋ, ಲ್ಯಾಟಿನ್ನೋ, ಯೆಹೂದ್ಯರದೋ, ಗಂಡೋ ಹೆಣ್ಣೋ, ಆ ಹೆಸರು ಬೇರೆಲ್ಲಾದರೂ ಬರುತ್ತದೆಯೋ ಅಂತ ಹುಡುಕಿಕೊಂಡು ಬರಲಿ. ಪ್ರಿಸ್ಕ ಅಕ್ವಿಲರ ಚೀಟಿ ಸಿಕ್ಕವರಿಗೆ ಕೆಲಸ ಜಾಸ್ತಿ, ಅವರು ರೋಮಾಪುರ, ಕೊರಿಂಥ, ಎಫೆಸ ಮೂರೂ ಕಡೆ ಸಿಗುತ್ತಾರೆ, ದಾರ ಸ್ವಲ್ಪ ಉಳಿಸಿಕೊಂಡಿರಿ. ಇದು ಒಂದು ಸಂಜೆಗೆ ಮುಗಿಯಲ್ಲ, ಎರಡು ವಾರ ಇಟ್ಟುಕೊಳ್ಳಿ.